ದೋಣಿಯಲ್ಲಿ ಚಳಿಗಾಲ: ಚಳಿಗಿಂತ ತೇವದ ಕಾಟವೇ ಜಾಸ್ತಿ

ಪ್ರಶ್ನೆ: ನಮ್ಮ ಊರು ಹಾಸನ, ಈಗ ಗಂಡ ಹೆಂಡತಿ ಇಬ್ಬರೂ ಮ್ಯೂನಿಕ್‌ನಲ್ಲಿದ್ದೇವೆ. ಹೋದ ಬೇಸಿಗೆಯಲ್ಲಿ 38 ಅಡಿಯ ಹಳೆಯ ಹಾಯಿದೋಣಿ ಕೊಂಡೆವು, ಅದು ಸಿಸಿಲಿಯಲ್ಲಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿನ ಮರೀನಾ ದಿ ರಗೂಸಾ ಅನ್ನುವ ದೋಣಿ ಬಂದರಿನಲ್ಲಿ ದೋಣಿಯಲ್ಲೇ ಇದ್ದುಬಿಡೋಣ ಅಂತ ಆಸೆ. ಯಜಮಾನರಿಗೆ ಎಲ್ಲಿಂದಾದರೂ ಕೆಲಸ ಮಾಡಬಹುದು ಅಂತ ಕಂಪನಿ ಹೇಳಿದೆ. ನಮ್ಮದು ಭಾರತದ ಪಾಸ್‌ಪೋರ್ಟ್, ಜರ್ಮನಿಯ ವಾಸದ ಪರವಾನಗಿ ಇದೆ. ಮೆಡಿಟರೇನಿಯನ್ ಅಂದರೆ ಚಳಿ ಅಷ್ಟೇನೂ ಇರುವುದಿಲ್ಲ, ಬೆಂಗಳೂರಿನ ಡಿಸೆಂಬರ್ ಥರ ಅಲ್ವಾ? ಹೀಟರ್ ಬೇಕಾಗುತ್ತದಾ? ಬಿರುಗಾಳಿಗೆ ಕಟ್ಟಿಹಾಕಿದ ದೋಣಿಗೂ ಅಪಾಯವಿದೆಯಾ?

ಉತ್ತರ: ನೀವು ಕೇಳದೇ ಇರುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಲೆಕ್ಕ ತಪ್ಪಿರುವುದು ಅಲ್ಲೇ. ಜರ್ಮನಿಯ ಪರವಾನಗಿ ಇದೆ ಅಂದಮಾತ್ರಕ್ಕೆ ಇಟಲಿಯಲ್ಲಿ ಬೇಕಾದಷ್ಟು ದಿನ ಇರಲು ಆಗುವುದಿಲ್ಲ. ಆ ಕಾರ್ಡ್ ಇಟ್ಟುಕೊಂಡು, ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟವಾದ ಷೆಂಗೆನ್‌ನ ಬೇರೆ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ನವೆಂಬರ್ 1ರಿಂದ ಮಾರ್ಚ್ 31 ಅಂದರೆ 151 ದಿನ. ಮಧ್ಯೆ ಮಾಲ್ಟಾಕ್ಕೆ ಹೋಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ ಅಂತ ಧಕ್ಕೆಯ (ದೋಣಿ ಕಟ್ಟುವ ಕಟ್ಟೆ) ಮೇಲೆ ಯಾರಾದರೂ ಹೇಳಿದರೆ ನಂಬಬೇಡಿ, ಮಾಲ್ಟಾ ಕೂಡ ಷೆಂಗೆನ್ನೇ. ಆದರೆ ಜರ್ಮನಿಯಲ್ಲಿ ಕಳೆದ ದಿನ ಈ 90ರಲ್ಲಿ ಸೇರುವುದಿಲ್ಲ. ಹಾಗಾಗಿ ನವೆಂಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ ದೋಣಿ, ಆಮೇಲೆ ಫೆಬ್ರವರಿ ಮಧ್ಯದವರೆಗೆ ಮ್ಯೂನಿಕ್, ಅಲ್ಲಿಂದ ಮಾರ್ಚ್ ಕೊನೆಯವರೆಗೆ ಮತ್ತೆ ದೋಣಿ, ಹೀಗೆ ಎರಡು ಕಂತು ಮಾಡಿಕೊಳ್ಳಿ. ಹೋದ ಬೇಸಿಗೆಯಲ್ಲಿ ಸಿಸಿಲಿಯಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದನ್ನೂ ಕೂಡಿಸಿ ನೋಡಿ, ಅದು ಆ 180 ದಿನದ ಒಳಗೆ ಬರುತ್ತಿರಬಹುದು. ಯಜಮಾನರ ಕೆಲಸದ ಬಗ್ಗೆ ಬಾಯಿಮಾತು ಸಾಲದು. ಬೇರೆ ದೇಶದಲ್ಲಿ ಕೂತು ಕೆಲಸ ಮಾಡುವುದು ಅಂದರೆ ತೆರಿಗೆ, ಸಾಮಾಜಿಕ ವಿಮೆ ಎಲ್ಲ ಬರುತ್ತದೆ. ಸಾಮಾಜಿಕ ವಿಮೆ ಜರ್ಮನಿಯಲ್ಲೇ ಮುಂದುವರಿಯುತ್ತದೆ ಅಂತ ತೋರಿಸುವ ಎ1 ಪ್ರಮಾಣಪತ್ರದ ಬಗ್ಗೆ ಎಚ್‌ಆರ್ ಹತ್ತಿರ ಕೇಳಿ, ಕಾಗದದಲ್ಲಿ ತೆಗೆದುಕೊಳ್ಳಿ.

ದೋಣಿಯ ಕಾಗದವನ್ನೂ ಇದೇ ಕೈಯಲ್ಲಿ ನೋಡಿಬಿಡಿ. ನೀವು ಯುರೋಪಿನ ನಿವಾಸಿಗಳಾದ್ದರಿಂದ ದೋಣಿಗೆ ವ್ಯಾಟ್ ಕಟ್ಟಿದ ದಾಖಲೆ ಬೇಕು. ಹೊರಗಿನವರಿಗೆ ಸಿಗುವ 18 ತಿಂಗಳ ತಾತ್ಕಾಲಿಕ ವಿನಾಯಿತಿ ನಿಮಗೆ ಸಿಗುವುದಿಲ್ಲ. ವಿಮೆಯವರಿಗೆ ಚಳಿಗಾಲದಲ್ಲಿ ದೋಣಿ ನೀರಲ್ಲೇ ಇರುತ್ತದೆ, ನಾವು ಅದರಲ್ಲೇ ವಾಸ ಇರುತ್ತೇವೆ ಅಂತ ಮೊದಲೇ ಬರೆದು ತಿಳಿಸಿ. ಕೆಲವು ಪಾಲಿಸಿಗಳಲ್ಲಿ ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆ ಎತ್ತಿಡಬೇಕು ಅಂತ ಷರತ್ತು ಇರುತ್ತದೆ. ಅದು ಗೊತ್ತಾಗುವುದು ಏನಾದರೂ ಆದ ಮೇಲೆ.

ಈಗ ಚಳಿಗೆ ಬರೋಣ. ಬೆಂಗಳೂರಿನ ಡಿಸೆಂಬರ್ ಅಲ್ಲ, ಖಂಡಿತ ಅಲ್ಲ. ಬೆಂಗಳೂರಲ್ಲಿ ಡಿಸೆಂಬರ್ ಮಧ್ಯಾಹ್ನ 26-27 ಡಿಗ್ರಿ ಇರುತ್ತದೆ, ಸಿಸಿಲಿಯ ದಕ್ಷಿಣ ತೀರದಲ್ಲಿ ಜನವರಿ ಮಧ್ಯಾಹ್ನ 15ರ ಆಸುಪಾಸು, ರಾತ್ರಿ 8ರ ಹತ್ತಿರ. ಮ್ಯೂನಿಕ್‌ನವರಿಗೆ ಇದು ತಮಾಷೆ ಅನ್ನಿಸಬಹುದು. ಆದರೆ ಮ್ಯೂನಿಕ್‌ನಲ್ಲಿ ನಿಮ್ಮ ಮನೆಗೆ ದಪ್ಪ ಗೋಡೆ ಇದೆ, ಎರಡು ಪದರದ ಗಾಜು ಇದೆ. ಇಲ್ಲಿ ನಿಮಗೂ ಸಮುದ್ರಕ್ಕೂ ನಡುವೆ ಒಂದೆರಡು ಸೆಂಟಿಮೀಟರ್ ಫೈಬರ್‌ಗ್ಲಾಸ್ ಅಷ್ಟೇ. ಫೆಬ್ರವರಿಯಲ್ಲಿ ಆ ಸಮುದ್ರ ಸುಮಾರು 15 ಡಿಗ್ರಿ. ಬಿಸಿಲು ಬಿದ್ದ ದಿನ ಹೊರಗೆ, ಕೂರುವ ತೆರೆದ ಜಾಗವಾದ ಕಾಕ್‌ಪಿಟ್‌ನಲ್ಲಿ ಅಂಗಿ ಮಾತ್ರ ಹಾಕಿಕೊಂಡು ಕೂರಬಹುದು, ಅದು ನಿಜ, ಆ ಸುಖಕ್ಕೇ ಜನ ಬರುವುದು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಮುಳುಗಿದ ಅರ್ಧ ಗಂಟೆಗೆ ಕಾಲು ತಣ್ಣಗೆ. ದಪ್ಪ ಸಾಕ್ಸ್, ನೆಲಕ್ಕೆ ಒಂದು ಹಳೆ ಜಮಖಾನ, ಹೀಟರ್ ಎಲ್ಲ ಬೇಕು.

ಆದರೂ ಚಳಿಯಿಂದ ಯಾರೂ ದೋಣಿ ಬಿಟ್ಟು ಓಡಿಹೋದದ್ದು ನಾನು ಕಂಡಿಲ್ಲ. ಓಡಿಸುವುದು ತೇವ.

ನಾನು ಅಂಕೋಲಾ ಕಡೆಯವನು. ಆಷಾಢದಲ್ಲಿ ಕಪಾಟು ತೆಗೆದರೆ ರೇಷ್ಮೆ ಸೀರೆಯಿಂದ ಹಿಡಿದು ಚರ್ಮದ ಚಪ್ಪಲಿವರೆಗೆ ಬೂಷ್ಟು ಹಿಡಿದಿರುವುದು ನಮಗೆ ಹೊಸದಲ್ಲ, ನೀವು ಹಾಸನದವರು, ಸಕಲೇಶಪುರದಲ್ಲಿ ನೆಂಟರಿದ್ದರೆ ಅವರಿಗೂ ಗೊತ್ತಿರುತ್ತದೆ. ಇಪ್ಪತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು ಅಂತ ಸ್ವಲ್ಪ ಜಂಬವೂ ಇತ್ತು. ಆದರೆ ಮೊದಲ ಚಳಿಗಾಲ ನಮ್ಮ ದೋಣಿಯಲ್ಲಿ ಡಿಸೆಂಬರ್ ಎರಡನೇ ವಾರ ಹೆಂಡತಿ ಹಾಸಿಗೆಯ ಮೂಲೆ ಎತ್ತಿ ಕೈ ಇಟ್ಟು ನೋಡಿ ನನ್ನ ಕಡೆ ತಿರುಗಿ ಏನೂ ಮಾತಾಡಲಿಲ್ಲ, ಅಂಗೈ ಮಾತ್ರ ತೋರಿಸಿದಳು. ಒದ್ದೆ. ಕೆಳಗಿನ ಹಲಗೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ದೋಣಿ ಎಲ್ಲೋ ಸೋರುತ್ತಿದೆ ಅಂತ ಎರಡು ದಿನ ಹುಡುಕಿದೆ. ಸೋರುತ್ತಿದ್ದದ್ದು ದೋಣಿ ಅಲ್ಲ, ನಾವು.

ಲೆಕ್ಕ ನೋಡಿ. ಮಲಗಿದ ಒಬ್ಬ ಮನುಷ್ಯ ಉಸಿರು, ಬೆವರಿನಲ್ಲಿ ಒಂದು ರಾತ್ರಿಗೆ ಮುನ್ನೂರು ಮಿಲಿಲೀಟರ್ ಆದರೂ ನೀರು ಬಿಡುತ್ತಾನೆ. ಇಬ್ಬರಿಗೆ ಆರುನೂರು. ನಿಮ್ಮ ದೋಣಿಯ ಒಳಗೆ ಸುಮಾರು 30 ಘನ ಮೀಟರ್ ಗಾಳಿ ಇದೆ ಅಂತ ಇಟ್ಟುಕೊಳ್ಳಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು ಸುಮಾರು 17 ಗ್ರಾಂ ನೀರು, ಅಂದರೆ ಇಡೀ ದೋಣಿಯ ಗಾಳಿ ಪೂರ್ತಿ ಒಣಗಿದ್ದರೂ ಐನೂರು ಗ್ರಾಂ ಚಿಲ್ಲರೆ. 10 ಡಿಗ್ರಿಗೆ ಇಳಿದರೆ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಉಳಿದ ನೀರು ಎಲ್ಲಿಗೆ ಹೋಗಬೇಕು? ಎಲ್ಲಿ ತಣ್ಣಗಿದೆಯೋ ಅಲ್ಲಿಗೆ: ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು, ಹಾಸಿಗೆಯ ಕೆಳಭಾಗ, ಬಟ್ಟೆ ತುಂಬಿಟ್ಟ ಕಪಾಟಿನ ಹಿಂದಿನ ಗೋಡೆ.

ಇದಕ್ಕೆ ನಮ್ಮ ಅಡುಗೆ ಸೇರಿಸಿ. ಅನ್ನ, ಬೇಳೆ, ಇಡ್ಲಿ, ಎಲ್ಲವೂ ಹಬೆಯಲ್ಲೇ. ಪಕ್ಕದ ದೋಣಿಯ ಯುರೋಪಿನವರು ಬ್ರೆಡ್ಡಿಗೆ ಚೀಸ್ ಹಚ್ಚಿಕೊಂಡು ಊಟ ಮುಗಿಸುವಾಗ ನಾವು ಕುಕ್ಕರ್‌ನಲ್ಲಿ ನಾಲ್ಕು ಸೀಟಿ ಹೊಡೆಸುತ್ತಿದ್ದೆವು, ಆ ಹಬೆ ನೇರ ಛಾವಣಿಯ ಕಿಟಕಿಯಾದ ಹ್ಯಾಚ್‌ಗೆ ಹೋಗಿ ಹನಿಯಾಗಿ ಸಾರಿನ ಬಟ್ಟಲಿಗೇ ವಾಪಸ್ ಬೀಳುತ್ತಿತ್ತು. ಹಬೆ ಬಿಡಿ, ಗ್ಯಾಸ್ ಉರಿದರೇ ನೀರು ಹುಟ್ಟುತ್ತದೆ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಬರುತ್ತದೆ. ದೋಣಿಗಳಲ್ಲಿ ಇಡುವ ಆ ನೀಲಿ 2.75 ಕೆಜಿ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ನಾಲ್ಕು ಲೀಟರ್ ನೀರನ್ನು ಮನೆಯೊಳಗೆ ಸುರಿದ ಹಾಗೆ. ಅದಕ್ಕೇ ಹೇಳುವುದು, ಗ್ಯಾಸ್ ಒಲೆ ಹಚ್ಚಿಕೊಂಡು ದೋಣಿ ಬೆಚ್ಚಗೆ ಮಾಡಲು ಯಾವತ್ತೂ ಹೋಗಬೇಡಿ. ತೇವದ ಮಾತು ಒಂದು ಕಡೆ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣವನ್ನೇ ತೆಗೆಯುತ್ತದೆ. ಅದಕ್ಕೊಂದು ಅಲಾರಂ ತಂದು ಮಲಗುವ ಕಡೆ ಹಾಕಿ, ಇವತ್ತೇ.

ಏನು ಮಾಡಬೇಕು ಅಂದರೆ, ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಒಂದು ಕೊಳ್ಳಿ, ಹೀಟರ್‌ಗಿಂತ ಮೊದಲು. ಅದರಲ್ಲೂ ಎರಡು ಥರ ಇದೆ. ಫ್ರಿಜ್ಜಿನಂತೆ ಕಂಪ್ರೆಸರ್ ಇರುವುದು ಬೆಚ್ಚಗಿನ ಕೋಣೆಗೆ ಸರಿ, ಚಳಿ ಜಾಸ್ತಿಯಾದಂತೆ ಅದರ ಕೆಲಸ ಕುಂಟುತ್ತದೆ. ಡೆಸಿಕೆಂಟ್ ಅನ್ನುವ ಇನ್ನೊಂದು ಥರ ಚಳಿಯಲ್ಲೂ ನೀರು ಎಳೆಯುತ್ತದೆ, ಹಗುರ, ಮೇಲಾಗಿ ಸ್ವಲ್ಪ ಬಿಸಿಗಾಳಿಯನ್ನೂ ಊದುತ್ತದೆ. ಕರೆಂಟ್ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಆದರೂ ದೋಣಿಗೆ ಇದೇ ಸರಿ. ಪೈಪು ಸಿಂಕಿಗೆ ಬಿಟ್ಟರೆ ನೀರು ತಾನೇ ಹೋಗುತ್ತದೆ. ನಾವು ಮೊದಲ ವಾರ ಸುಮ್ನೆ ಕುತೂಹಲಕ್ಕೆ ಬಕೆಟ್ ಇಟ್ಟು ಅಳೆದೆವು, ದಿನಕ್ಕೆ ಎರಡೂವರೆ ಲೀಟರ್‌ವರೆಗೆ ಬಂತು. ಅಷ್ಟೂ ನೀರು ಮುಂಚೆ ಹಾಸಿಗೆಗೆ ಹೋಗುತ್ತಿತ್ತು ಅಂತ ನೆನೆಸಿಕೊಂಡರೆ!

ಹಾಸಿಗೆಯ ಕೆಳಗೆ ಗಾಳಿ ಆಡುವ ಜಾಲರಿ ಚಾಪೆ ಅಥವಾ ಮರದ ಪಟ್ಟಿ ಹಾಕಿ. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ಎತ್ತಿ ನಿಲ್ಲಿಸಿ. ಕಪಾಟಿನ ಬಾಗಿಲು ಅರ್ಧ ತೆರೆದೇ ಇರಲಿ. ಹ್ಯಾಚ್‌ಗಳಿಗೆ ಒಳಗಿನಿಂದ ಗುಳ್ಳೆ ಇರುವ ಬೆಳ್ಳಿ ಬಣ್ಣದ ಹಾಳೆ ಕತ್ತರಿಸಿ ಸಿಕ್ಕಿಸಿ. ಜರ್ಮನಿಯಲ್ಲಿ ದಿನಾ ಹತ್ತು ನಿಮಿಷ ಎಲ್ಲ ಕಿಟಕಿ ತೆಗೆದು ಗಾಳಿ ಆಡಿಸಿ ಅಂತ ಮನೆ ಮಾಲೀಕರು ತಲೆ ತಿನ್ನುತ್ತಾರಲ್ಲ, ಇಲ್ಲೂ ಅದೇ ಮಾಡಿ, ಬಿಸಿಲಿರುವ ಹೊತ್ತಿಗೆ. ಸ್ನಾನ ದಡದ ಮೇಲಿನ ಬಾತ್‌ರೂಮಿನಲ್ಲೇ. ಬಟ್ಟೆ ಒಳಗೆ ಒಣಹಾಕುವುದು ಬೇಡವೇ ಬೇಡ.

ಕರೆಂಟಿನ ಮಾತು. ಧಕ್ಕೆಯ ಕಂಬದಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ 16 ಆಂಪ್, ಅಂದರೆ 230 ವೋಲ್ಟಿಗೆ 3,680 ವಾಟ್. ಕೆಲವು ಮರೀನಾಗಳಲ್ಲಿ 6 ಆಂಪ್ ಮಾತ್ರ, ಅದು 1,380 ವಾಟ್, ಒಂದು ಕೆಟಲ್‌ಗೂ ಸಾಲದು. 16 ಇದ್ದರೂ 2,000 ವಾಟಿನ ಫ್ಯಾನ್ ಹೀಟರ್ ಹಾಕಿಕೊಂಡು ಚಹಾಕ್ಕೆ ಕೆಟಲ್ ಒತ್ತಿದರೆ ಟಪ್ ಅಂತ ಹೋಗುತ್ತದೆ. ಆಮೇಲೆ ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಕಂಬದ ಹತ್ತಿರ ಹೋಗುವವರು ಯಾರು ಅಂತ ಜಗಳ. ನನ್ನ ಅಭಿಪ್ರಾಯ, ರಾತ್ರಿಗೆ 700-800 ವಾಟಿನಲ್ಲಿ ಓಡುವ ಎಣ್ಣೆ ತುಂಬಿದ ರೇಡಿಯೇಟರ್ ಸಾಕು, ಅದನ್ನು ಅಲುಗದಂತೆ ಕಟ್ಟಿಡಿ. ಫ್ಯಾನ್ ಹೀಟರ್ ನೀವು ಎಚ್ಚರ ಇರುವಾಗ ಮಾತ್ರ. ಡೀಸೆಲ್ ಹೀಟರ್ ಹಾಕಿಸಬೇಕಾ ಅಂದರೆ, ವರ್ಷಪೂರ್ತಿ ಲಂಗರು ಹಾಕಿ ನಿಲ್ಲುವವರಿಗೆ ಸರಿ, ಎರಡು ಕಂತಿನಲ್ಲಿ ಮೂರು ತಿಂಗಳು ಮರೀನಾದಲ್ಲಿ ಕಟ್ಟಿಕೊಂಡಿರುವ ನಿಮಗೆ ದುಡ್ಡು ದಂಡ. ದೋಣಿಯಲ್ಲಿ ಈಗಾಗಲೇ ಬಿಸಿಗಾಳಿಯನ್ನೂ ಕೊಡುವ ಏಸಿ ಇದ್ದರೆ ಅದೃಷ್ಟ: 15 ಡಿಗ್ರಿಯ ಸಮುದ್ರದಿಂದ ಅದು ಆರಾಮವಾಗಿ ಶಾಖ ಎಳೆಯುತ್ತದೆ.

ನೀವು ತಪ್ಪದೇ ಮಾಡಬೇಕಾದ ಕೆಲಸ ಒಂದಿದೆ. ಹೀಟರ್ ಒಂದು ಗಂಟೆ ಓಡಿದ ಮೇಲೆ ಕರೆಂಟ್ ಕೇಬಲ್‌ನ ನೀಲಿ ಪ್ಲಗ್ ಮುಟ್ಟಿ ನೋಡಿ, ದೋಣಿಯ ಕಡೆ, ಕಂಬದ ಕಡೆ ಎರಡೂ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಬಿಸಿ ಇದ್ದರೆ ಒಳಗೆ ತುಕ್ಕು ಹಿಡಿದಿದೆ, ಆವತ್ತೇ ಬದಲಾಯಿಸಿ. ಒಂದು ಮರೀನಾದಲ್ಲಿ ನಮ್ಮಿಂದ ಮೂರನೇ ದೋಣಿಯ ಪ್ಲಗ್ಗು ಕರಗಿ ಕಪ್ಪು ಬೆಲ್ಲದ ಮುದ್ದೆಯ ಹಾಗೆ ಅಂಟಿಕೊಂಡಿತ್ತು. ಮಾಲೀಕರು ಒಳಗೆ ಮಲಗಿದ್ದರು, ವಾಸನೆ ಬಂದದ್ದು ನಾಯಿ ಸುತ್ತಾಡಿಸುತ್ತಿದ್ದ ಬೇರೆಯವರಿಗೆ.

ಇನ್ನೊಂದು, ಕರೆಂಟ್ ಕೇಬಲ್ ಸಿಕ್ಕಿಸಿದಾಗ ಅದರ ಅರ್ಥಿಂಗ್ ತಂತಿಯ ಮೂಲಕ ನಿಮ್ಮ ದೋಣಿಗೂ ಪಕ್ಕದ ದೋಣಿಗಳಿಗೂ ಸಂಬಂಧ ಬೆಳೆಯುತ್ತದೆ, ಉಪ್ಪುನೀರಿನಲ್ಲಿ ಎಲ್ಲ ಸೇರಿ ಒಂದು ದೊಡ್ಡ ಬ್ಯಾಟರಿ. ಪಕ್ಕದವರ ಲೋಹ ಉಳಿಸಲು ನಿಮ್ಮ ದೋಣಿಯ ಲೋಹ ಕಾಯಲು ಹಾಕಿರುವ ಸತುವಿನ ಗಟ್ಟಿ ಕರಗುತ್ತಿರುತ್ತದೆ. ಅದು ಮುಗಿದರೆ ಮುಂದಿನ ಸರದಿ ಪ್ರೊಪೆಲ್ಲರಿನದ್ದು. ಗ್ಯಾಲ್ವನಿಕ್ ಐಸೊಲೇಟರ್ ಅನ್ನುವ ಚಿಕ್ಕ ಪೆಟ್ಟಿಗೆ ಹಾಕಿಸಿಕೊಂಡರೆ ಈ ತಾಪತ್ರಯ ಇಲ್ಲ. ಹಳೆ ದೋಣಿ ಅಂದಿರಲ್ಲ, ಅದು ಇದೆಯಾ ನೋಡಿ.

ಬಿರುಗಾಳಿಗೆ ಬಂದೆ. ಅಪಾಯ ಇದೆಯಾ ಅಂದರೆ ಇದೆ. ಸುದ್ದಿಯಲ್ಲಿ ಬರುವಂಥ ಚಂಡಮಾರುತವನ್ನೇ ಕಾಯಬೇಕಿಲ್ಲ, 2023ರ ಫೆಬ್ರವರಿಯಲ್ಲಿ ಹೆಲಿಯೊಸ್ ಅನ್ನುವುದು ಸಿಸಿಲಿಯ ಆಗ್ನೇಯ ಭಾಗಕ್ಕೂ ಮಾಲ್ಟಾಕ್ಕೂ ಬಡಿದದ್ದು ಅಂಥದ್ದು. ಚಳಿಗಾಲದಲ್ಲಿ ಎರಡು ಮೂರು ದಿನ ಬಿಡದೆ ಬೀಸುವ ಮಾಮೂಲಿ ಗಾಳಿಯೇ ಸಾಕು. ವಾಯವ್ಯದಿಂದ ಮಾಎಸ್ತ್ರಾಲೆ, ಆಗ್ನೇಯದಿಂದ ಶಿರೊಕ್ಕೊ. ಶಿರೊಕ್ಕೊ ಬಂದರೆ ಸಹಾರಾದ ಧೂಳನ್ನೂ ಹೊತ್ತು ತರುತ್ತದೆ, ಜೊತೆಗೆ ಮಳೆ ಬಿದ್ದರೆ ಬೆಳಿಗ್ಗೆ ದೋಣಿ ತುಂಬ ಕೆಮ್ಮಣ್ಣಿನ ಸಾರಣೆ. ರಗೂಸಾ ತೀರ ದಕ್ಷಿಣಕ್ಕೆ ಮುಖ ಮಾಡಿದೆ, ಆ ಕಡೆಯ ಗಾಳಿಗೆ ಬಂದರಿನ ಬಾಯಲ್ಲೇ ಅಲೆ ಏಳುತ್ತದೆ. ಹಾಗಾಗಿ ನವೆಂಬರ್ ಒಂದಕ್ಕೆ ಸರಿಯಾಗಿ ಬರುತ್ತೇವೆ ಅಂತ ಹಟ ಹಿಡಿಯಬೇಡಿ. ಅಕ್ಟೋಬರ್‌ನಲ್ಲೇ ಒಳ್ಳೆ ದಿನ ನೋಡಿ ದೋಣಿ ತಂದು ಕಟ್ಟಿ, ಆ ದಿನಗಳನ್ನೂ 90ರ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಲ್ಲಿ ಕಟ್ಟುವ ರೀತಿ ನಿಮಗೆ ಗೊತ್ತಿರಬಹುದು: ದೋಣಿಯ ಹಿಂಭಾಗ ಧಕ್ಕೆಗೆ, ಮೂತಿ ನೀರಿನ ಕಡೆ, ಮೂತಿಯನ್ನು ಹಿಡಿದಿಡುವುದು ತಳದ ಕಾಂಕ್ರೀಟಿನಿಂದ ಬರುವ ಹಗ್ಗ. ಬೇಸಿಗೆಗೆ ಆ ಹಗ್ಗ ಒಂದು ಸಾಕು, ಚಳಿಗಾಲಕ್ಕೆ ಎರಡು ಕೇಳಿ, ಚೆನ್ನಾಗಿ ಬಿಗಿದು ಹಿಂಭಾಗವನ್ನು ಧಕ್ಕೆಯಿಂದ ದೂರ ನಿಲ್ಲಿಸಿ. ದೂರ ಅಂದರೆ ದಾಟುವ ಹಲಗೆ ಕಷ್ಟಪಟ್ಟು ಮುಟ್ಟಬೇಕು, ಅಷ್ಟು. ಹಿಂದೆ ನೇರ ಎರಡು, ಅಡ್ಡ ಎರಡು ಹಗ್ಗ. ಹಗ್ಗ ಹಿಗ್ಗುವ ನೈಲಾನ್ ಆಗಲಿ, ಮಧ್ಯೆ ರಬ್ಬರ್ ಅಥವಾ ಸ್ಪ್ರಿಂಗ್ ಹಾಕಿ. ಒಳಗೆ ಬರುವ ಅಲೆಯ ಏರಿಳಿತಕ್ಕೆ ದೋಣಿ ಹಿಂದೆ ಮುಂದೆ ಜಗ್ಗುತ್ತದೆ, ಆ ಜಗ್ಗಾಟವೇ ಹಗ್ಗ ಸುತ್ತಿ ಕಟ್ಟುವ ಕ್ಲೀಟ್‌ಗಳನ್ನು ಕೀಳುವುದು. ಇದೆಲ್ಲ ಆದ ಮೇಲೆ ತಲೆ ಎತ್ತಿ ಪಕ್ಕದ ದೋಣಿಯ ಹಾಯಿಕಂಬ ಎಲ್ಲಿದೆ ನೋಡಿ. ನಿಮ್ಮ ಕಂಬವೂ ಅವರ ಕಂಬವೂ ಒಂದೇ ಸಾಲಿನಲ್ಲಿದ್ದರೆ, ಎರಡೂ ದೋಣಿ ಎದುರುಬದುರು ಓಲಾಡಿದಾಗ ಮೇಲೆ ಕಂಬದ ಅಡ್ಡತೋಳುಗಳು ಡಿಕ್ಕಿ ಹೊಡೆಯುತ್ತವೆ. ಅರ್ಧ ಮೀಟರ್ ಹಿಂದೆ ಮುಂದೆ ಮಾಡಿಕೊಂಡರೆ ಮುಗಿಯಿತು. ಇದನ್ನು ಮರೀನಾದ ಆಫೀಸಿನವರು ನಿಮಗೆ ಹೇಳುವುದಿಲ್ಲ.

ಹಾಯಿ ಎಲ್ಲ ಕಳಚಿ ಒಳಗಿಡಿ, ಬಿಸಿಲಿನ ಛಾವಣಿಯನ್ನೂ. ಕಂಬಕ್ಕೆ ಬಡಿಯುವ ಹಗ್ಗಗಳನ್ನು ದೂರ ಎಳೆದು ಕಟ್ಟಿ, ಇಲ್ಲವಾದರೆ ರಾತ್ರಿಯಿಡೀ ಟಣ್ ಟಣ್, ನಿಮಗಿಂತ ಮುಂಚೆ ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡನೇ ಚಳಿಗಾಲ ಹಿಂಭಾಗದ ಒಂದು ಹಗ್ಗ ಲೋಹದ ಅಂಚಿಗೆ ತಾಗುತ್ತಿತ್ತು, ನಾಳೆ ಪೈಪು ಸುತ್ತುತ್ತೇನೆ ಅಂತ ಮೂರು ದಿನ ಮುಂದೂಡಿದೆ. ನಾಲ್ಕನೇ ರಾತ್ರಿ ಮೂರು ಗಂಟೆಗೆ ದೋಣಿ ಜಗ್ಗುವ ಸದ್ದು ಬದಲಾಯಿತು. ಒಂದೇ ಲಯದಲ್ಲಿದ್ದದ್ದು ಕುಂಟತೊಡಗಿತು. ಮೇಲೆ ಬಂದು ನೋಡಿದರೆ 18 ಮಿಲಿಮೀಟರಿನ ಹಗ್ಗದಲ್ಲಿ ಉಳಿದದ್ದು ಒಂದು ಎಳೆ, ಕಿರುಬೆರಳಿನಷ್ಟು. ಪಕ್ಕದ ದೋಣಿಯ ಡಚ್ ಅಜ್ಜ ಪೈಜಾಮದಲ್ಲೇ ಮಳೆಯಲ್ಲಿ ನಿಂತು ತಮ್ಮ ಹಗ್ಗ ಎಸೆದರು. ಆಮೇಲೆ ಹಳೆ ಫೈರ್ ಹೋಸ್ ತುಂಡು ಮಾಡಿ ಎಲ್ಲ ಹಗ್ಗಕ್ಕೂ ತೊಡಿಸಿದೆ. ಅಜ್ಜ ಬೈಯಲಿಲ್ಲ. ಬೆಳಿಗ್ಗೆ ಬಂದು ಕಾಫಿ ಕುಡಿದು ಆ ಒಂದು ಎಳೆಯನ್ನು ಕತ್ತರಿಸಿಕೊಂಡು ಹೋದರು, ತಮ್ಮ ದೋಣಿಯಲ್ಲಿ ತೂಗುಹಾಕಲು!

ಇನ್ನು ದಾಟುವ ಹಲಗೆ. ಅದರ ಮೇಲೆ ಇಬ್ಬನಿ ಬಿದ್ದರೆ ಹಾವಸೆ ಕಟ್ಟಿದ ಬಾವಿಕಟ್ಟೆ ಇದ್ದ ಹಾಗೆ. ರಾತ್ರಿ ಊಟ ಮುಗಿಸಿ, ಎರಡು ಗ್ಲಾಸ್ ವೈನ್ ಕುಡಿದು ವಾಪಸ್ ಬರುವಾಗ ಧಕ್ಕೆಗೂ ದೋಣಿಗೂ ನಡುವೆ ಬಿದ್ದರೆ 15 ಡಿಗ್ರಿಯ ನೀರು, ಮೈತುಂಬ ಉಣ್ಣೆ ಬಟ್ಟೆ, ಹಿಡಿಯಲು ನುಣುಪು ಗೋಡೆ. ದೋಣಿಯ ಏಣಿಯನ್ನು ನೀರಿನಲ್ಲಿದ್ದವರೂ ಕೆಳಗೆ ಎಳೆದುಕೊಳ್ಳುವಂತೆ ಒಂದು ಹಗ್ಗ ಕಟ್ಟಿಡಿ. ಧಕ್ಕೆಯ ಏಣಿ ಎಲ್ಲಿದೆ ಅಂತ ಮೊದಲ ದಿನವೇ ನಡೆದು ನೋಡಿಕೊಳ್ಳಿ. ಇಟಲಿಯ ಕೋಸ್ಟ್‌ಗಾರ್ಡ್ ನಂಬರ್ 1530, ಉಳಿದದ್ದಕ್ಕೆ 112. ನಿಮ್ಮ ಜರ್ಮನ್ ಆರೋಗ್ಯ ವಿಮೆ ಕಾರ್ಡಿನ ಹಿಂಬದಿಯೇ ಯುರೋಪಿನ ಕಾರ್ಡ್, ಅದನ್ನು ಜೊತೆಯಲ್ಲಿಡಿ.

ಬದುಕು ಹೇಗಿರುತ್ತದೆ ಅಂದರೆ, ಚೆನ್ನಾಗಿರುತ್ತದೆ. 2009ರಲ್ಲಿ ಶುರುವಾದ ಈ ಬಂದರಿಗೆ ಚಳಿಗಾಲ ಕಳೆಯಲು ಅಂತಲೇ ಎಲ್ಲೆಲ್ಲಿಂದಲೋ ದೋಣಿಗಳು ಬರುತ್ತವೆ. ಬೆಳಿಗ್ಗೆ ರೇಡಿಯೋದಲ್ಲಿ ಎಲ್ಲರೂ ಸೇರುತ್ತಾರೆ: ಹವಾಮಾನ, ಯಾರ ಹತ್ತಿರ ಯಾವ ಬಿಡಿಭಾಗ ಇದೆ, ಭಾನುವಾರದ ಊಟ. ಊರು ಬೇಸಿಗೆಯ ಬೀಚ್ ಊರು, ಚಳಿಗಾಲಕ್ಕೆ ಅರ್ಧ ಅಂಗಡಿ ಮುಚ್ಚಿರುತ್ತವೆ, ಕೆಲವರಿಗೆ ಅದೇ ಇಷ್ಟ. ಸುತ್ತಮುತ್ತ ಮೈಲಿಗಟ್ಟಲೆ ಪ್ಲಾಸ್ಟಿಕ್ ಹಸಿರುಮನೆಗಳು, ಜನವರಿಯಲ್ಲೂ ಟೊಮೆಟೊಕ್ಕೆ ಬರವಿಲ್ಲ, ಸಾರಿಗೆ ಯೋಚನೆ ಬೇಡ. ಕಿತ್ತಳೆಯಲ್ಲಿ ಒಳಗೆ ರಕ್ತಗೆಂಪು ಇರುವ ತಾರೊಕ್ಕೊ ಬಿಡಬೇಡಿ. ಒಂದು ದಿನ ಬಸ್ಸಿನಲ್ಲಿ ಗುಡ್ಡದ ಮೇಲಿನ ರಗೂಸಾ ಇಬ್ಲಾಕ್ಕೆ ಹೋಗಿ ಬನ್ನಿ. ಕರಿಬೇವು, ತೊಗರಿಬೇಳೆಗೆ ಕತಾನಿಯಾ ಊರಿನಲ್ಲಿ ಶ್ರೀಲಂಕಾದವರ ಅಂಗಡಿಗಳಿವೆ, ಆದರೆ ದೂರ, ಮ್ಯೂನಿಕ್‌ನಿಂದಲೇ ತರುವುದು ವಾಸಿ. ಇಡ್ಲಿ ಹಿಟ್ಟು 12 ಡಿಗ್ರಿಯಲ್ಲಿ ಹುಳಿ ಬರುವುದಿಲ್ಲ. ನಾವು ಮಾಡುತ್ತಿದ್ದದ್ದು, ಬ್ಯಾಟರಿ ಚಾರ್ಜ್ ಮಾಡಲು ಇಂಜಿನ್ ಓಡಿಸಿದ ಸಂಜೆ ಹಿಟ್ಟಿನ ಪಾತ್ರೆಯನ್ನು ಕಂಬಳಿ ಸುತ್ತಿ ಇಂಜಿನ್ ಪಕ್ಕ ಇಡುವುದು. ಬೆಳಿಗ್ಗೆ ಉಕ್ಕಿರುತ್ತಿತ್ತು. ಒಮ್ಮೆ ಜಾಸ್ತಿಯೇ ಉಕ್ಕಿ ಇಂಜಿನ್ ಕೆಳಗೆ ನೀರು ನಿಲ್ಲುವ ದೋಣಿಯ ತಳ, ಅಂದರೆ ಬಿಲ್ಜ್‌ಗೆ ಇಳಿದಿತ್ತು, ಅದನ್ನು ತೊಳೆಯಲು ಅರ್ಧ ದಿನ ಹಿಡಿಯಿತು, ಡೀಸೆಲ್ ವಾಸನೆಯ ಉದ್ದಿನ ಹಿಟ್ಟು, ಬೇಡ ಬಿಡಿ.

ಯಜಮಾನರ ಕೆಲಸಕ್ಕೆ ಮರೀನಾದ ವೈಫೈ ನಂಬಬೇಡಿ, ಸ್ವಂತ ಸಿಮ್, ರೂಟರ್ ಇರಲಿ. ಒಬ್ಬರು ಮೀಟಿಂಗ್‌ನಲ್ಲಿದ್ದರೆ ಇನ್ನೊಬ್ಬರಿಗೆ ಕುಕ್ಕರ್ ಇಡಲೂ ಆಗುವುದಿಲ್ಲ, 38 ಅಡಿ ಅಂದರೆ ಅಷ್ಟೇ ಜಾಗ. ಮಳೆ ಹಿಡಿದ ವಾರ ಇಬ್ಬರೂ ಮುಖ ಊದಿಸಿಕೊಂಡು ಕೂರುತ್ತೀರಿ. ಹೊರಗೆ ಒಂದು ಕಾಫಿ ಅಂಗಡಿ ಗೊತ್ತುಮಾಡಿಕೊಳ್ಳಿ, ದಿನಾ ಒಬ್ಬರು ಎರಡು ಗಂಟೆ ಅಲ್ಲಿ.

ಕೊನೆಯದಾಗಿ ಜನವರಿ. ನೀವು ಮ್ಯೂನಿಕ್‌ಗೆ ಹೋದಾಗ ದೋಣಿ ಒಂಟಿ, ಗಾಳಿ ಜಾಸ್ತಿ ಇರುವುದೂ ಆಗಲೇ. ಹೋಗುವಾಗ ಗ್ಯಾಸ್ ಬಂದ್ ಮಾಡಿ, ನೀರೊಳಗಿನ ಕವಾಟಗಳನ್ನೆಲ್ಲ ಮುಚ್ಚಿ, ಬಿಲ್ಜ್ ಪಂಪು ತಾನೇ ಓಡುತ್ತದಾ ಅಂತ ಒಂದು ಬಕೆಟ್ ನೀರು ಸುರಿದು ನೋಡಿ, ಹೀಟರ್ ಕಿತ್ತಿಡಿ. ಡೀಹ್ಯುಮಿಡಿಫೈಯರ್ ಓಡಿಸಿಟ್ಟು ಹೋಗುವವರಿದ್ದಾರೆ, ನಾನು ಯಾರೂ ಇಲ್ಲದ ದೋಣಿಯಲ್ಲಿ ಬಿಸಿಯಾಗುವ ಯಾವುದನ್ನೂ ಓಡಲು ಬಿಡುವುದಿಲ್ಲ. ಅಲ್ಲೇ ಉಳಿಯುವ ದೋಣಿಯವರ ಯಾರ ಕೈಲಾದರೂ ಕೀಲಿ ಕೊಟ್ಟು ವಾರಕ್ಕೆರಡು ಸಲ ಹಗ್ಗ ನೋಡಿ ಅಂತ ಹೇಳಿ, ದುಡ್ಡು ಬೇಡ ಅನ್ನುತ್ತಾರೆ, ಬರುವಾಗ ಮೈಸೂರು ಪಾಕ್ ತಂದುಕೊಡಿ.

ಮರೀನಾಕ್ಕೆ ಬರೆಯುವಾಗ ಈ ನಾಲ್ಕು ಕೇಳಿ: ಕಂಬದಲ್ಲಿ ಎಷ್ಟು ಆಂಪ್, ಕರೆಂಟ್ ಮೀಟರಿಗೋ ಬಾಡಿಗೆಯಲ್ಲಿ ಸೇರಿದೆಯೋ, ದೋಣಿಯಲ್ಲಿ ವಾಸ ಇರುವವರಿಗೆ ಬೇರೆ ದರ ಇದೆಯಾ, ಮೂತಿಗೆ ಎರಡನೇ ಹಗ್ಗ ಸಿಗುತ್ತದಾ. ಉತ್ತರ ಬಂದ ಮೇಲೆ ಆಂಪ್ ಎಷ್ಟು ಅಂತ ತಿಳಿಸಿ, ಯಾವ ಹೀಟರ್ ಕೊಳ್ಳಬೇಕು ಅಂತ ಆಗ ಹೇಳುತ್ತೇನೆ.